ಎಡಗಡೆಯ ಸೀಟಿನ ಬ್ರೇಕು

ಮೈಲಾರಿ ವಿದ್ಯಾಶ್ರೀಯನ್ನು ಮೊದಲ ಸಲ ಕಂಡಾಗ ಆಕೆ ಕಾರಿನ ಎಡಗಡೆಯ ಸೀಟಿನಲ್ಲಿ ಕುಳಿತಿದ್ದಳು. ಸೀಗಿ ಹುಣ್ಣಿಮೆಯ ಆಸುಪಾಸಿನ ದಿನ. ಬೆಳಗ್ಗೆ ಒಂದು ಮಳೆ ಜೋರಾಗಿ ಹೊಡೆದು ಆಮೇಲೆ ಬಿಸಿಲು ಬಿದ್ದಿತ್ತು. ಹಾನಗಲ್ಲಿನಿಂದ ತಿಳವಳ್ಳಿಗೆ ಹೋಗುವ ರಸ್ತೆಯಲ್ಲಿ, ಊರಿನ ಮನೆಗಳು ಮುಗಿದು ಗದ್ದೆಗಳು ಶುರುವಾಗುವ ಕಡೆ ಅವನ ತಗಡಿನ ಶೆಡ್ಡು. ಅವನು ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಬೇರಿಂಗಿಗೆ ಗ್ರೀಸು ತುಂಬುತ್ತಿದ್ದ. ಬಾನೆಟ್ಟಿನ ಮೇಲೆ ಕೆಂಪು ‘ಎಲ್’ ಅಕ್ಷರದ ಕಲಿಕೆಯ ಹಾಳೆ ಅಂಟಿಸಿಕೊಂಡ ಹಳೆಯ ಬಿಳಿ ಕಾರೊಂದು ರಸ್ತೆ ಬಿಟ್ಟು ಅಂಗಳಕ್ಕೆ ಇಳಿಯಿತು. ಇಳಿದದ್ದು ನಿಲ್ಲುವ ಲಕ್ಷಣ ಕಾಣಲಿಲ್ಲ. ಸ್ಟೇರಿಂಗ್ ಹಿಡಿದಿದ್ದ ಐವತ್ತರ ಆಸುಪಾಸಿನ ಹೆಂಗಸು ಕಣ್ಣು ಗಟ್ಟಿಯಾಗಿ ಮುಚ್ಚಿದ್ದನ್ನು ಮೈಲಾರಿ ಗಾಜಿನ ಮೂಲಕ ಕಂಡ. ಕಾರು ನೇರವಾಗಿ, ಟಯರಿಗೆ ಗಾಳಿ ತುಂಬುವ ಅವನ ಗಾಳಿಯಂತ್ರದ ಕಡೆಗೆ ಬರುತ್ತಿತ್ತು.

ಅಷ್ಟರಲ್ಲಿ ಒಳಗಿನಿಂದ ಕರ್ರ್ ಎಂದು ಹಲ್ಲು ಕಡಿದಂಥ ಸದ್ದು ಬಂತು. ಹಿಂದಿನ ಗಾಲಿಗಳು ಹಸಿ ಮಣ್ಣಿನಲ್ಲಿ ಎರಡು ಗೆರೆ ಕೊರೆದವು. ಗಾಳಿಯಂತ್ರಕ್ಕೆ ಗೇಣು ದೂರದಲ್ಲಿ ಕಾರು ನಿಂತಿತು.

ಎಡಗಡೆಯ ಬಾಗಿಲು ತೆರೆದು ನಲವತ್ತರ ಹೆಂಗಸೊಬ್ಬಳು ಇಳಿದಳು. ನೂಲಿನ ಸೀರೆ, ಬಿಗಿದು ಕಟ್ಟಿದ ತುರುಬು, ಮುಂಗೈಯ ಒಳಬದಿಗೆ ಕಟ್ಟಿದ ಗಡಿಯಾರ. ಇಳಿದವಳು ಮೈಲಾರಿಯ ಕಡೆ ನೋಡದೆ ಮೊದಲು ಬಗ್ಗಿ ಹಿಂದಿನ ಗಾಲಿ ನೋಡಿದಳು. ಗಾಡಿ ನಿಂತ ಮೇಲೂ ಆಕೆಯ ಬಲಗೈ ಎರಡು ಸೀಟುಗಳ ನಡುವಿನ ಹ್ಯಾಂಡ್ ಬ್ರೇಕಿನ ಹಿಡಿಯ ಮೇಲೆ ಒಂದು ಗಳಿಗೆ ಹಾಗೇ ಇದ್ದುದನ್ನು ಅವನು ಗಮನಿಸಿದ್ದ. ಮಲಗಿಸಿದ ಕೂಸಿನ ಎದೆಯ ಮೇಲೆ ಕೈ ಇಟ್ಟ ಹಾಗಿತ್ತು ಅದು.

“ಹಿಂದಿನ ಬ್ರೇಕು ನೀರು ಕುಡದೈತಿ, ನೋಡು ತಮ್ಮಾ. ಹಳ್ಳ ದಾಟಿ ಬಂದ ಮ್ಯಾಲೆ ಲಗೂನ ಹಿಡೀವಲ್ದು,” ಎಂದಳು.

ಸ್ಟೇರಿಂಗ್ ಹಿಡಿದಿದ್ದ ಹೆಂಗಸು, ಸರೋಜವ್ವ, ಒಳಗಿನಿಂದ ಕಣ್ಣು ಬಿಟ್ಟು ತನ್ನ ಪರವಾಗಿ ಮಾತಾಡಿದಳು. “ನಾ ಒತ್ತಿದೆ ಅಕ್ಕೋರ. ಗಾಡಿಗೆ ತಿಳೀಲಿಲ್ಲ.”

“ಒತ್ತಿಲ್ರಿ. ಎರಡೂ ಕಾಲು ಮ್ಯಾಲೆ ಎತ್ತಿದ್ರಿ. ನಾ ನೋಡೇನಿ.”

ಮೈಲಾರಿ ಎದ್ದುಹೋಗಿ ಒಂದು ಕಲ್ಲು ತಂದು ಕಾರಿನ ಗಾಲಿಗೆ ಕೊಟ್ಟ. ಹ್ಯಾಂಡ್ ಬ್ರೇಕ್ ಎಳೆದಿದ್ದೇನೆ, ಕಲ್ಲು ಯಾಕೆ ಎಂದು ವಿದ್ಯಾಶ್ರೀ ಕೇಳಿದಳು. ಇರಲಿ ಬಿಡ್ರಿ ಎಂದ. ಆ ಕೈ ಆ ಹಿಡಿಯ ಮೇಲೆ ಯಾಕೆ ಇತ್ತು ಎಂದು ಅವನು ಅಂದು ಯೋಚಿಸಲಿಲ್ಲ. ಯೋಚನೆ ಬಂದಾಗ ತಡವಾಗಿತ್ತು. ಅಷ್ಟರಲ್ಲಿ ಆ ಹಿಡಿಯ ಕೆಳಗೆ ಬ್ರೇಕೇ ಇಲ್ಲದ ಹಾಗೆ ಅವನೇ ಮಾಡಿ ಕಳಿಸಿದ್ದ.

ವಿದ್ಯಾಶ್ರೀ ತಡಸದವಳು. ಗಂಡ ಬಸ್ಸಿನ ಕಂಡಕ್ಟರ್, ಮನೆ ಹಾನಗಲ್ಲಿನಲ್ಲಿ. ಹಿಂದೆ ಒಂದು ಸಂಸ್ಥೆಯಲ್ಲಿ ನರ್ಸಮ್ಮಂದಿರನ್ನು ಹಳ್ಳಿಹಳ್ಳಿಗೆ ಕರೆದೊಯ್ಯುವ ಗಾಡಿ ಓಡಿಸುತ್ತಿದ್ದಳು. ಸಂಸ್ಥೆ ಮುಚ್ಚಿದಾಗ ಓಡಿಸುತ್ತಿದ್ದ ಕಾರನ್ನೇ ಕೊಂಡು, ಹೆಂಗಸರಿಗೆ ಗಾಡಿ ಕಲಿಸಲು ಶುರು ಮಾಡಿದಳು. ಬೋರ್ಡು ಹಾಕಿದ ಶಾಲೆಯಲ್ಲ. ಕಲಿಯುವವರು ಲೈಸೆನ್ಸಿನ ಮೊದಲ ಹಂತ ಮಾಡಿಸಿಕೊಂಡು ಬರಬೇಕು, ಈಕೆ ಅವರ ಪಕ್ಕದಲ್ಲಿ ಕೂರುತ್ತಾಳೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲ ಕಡೆಯಿಂದಲೂ ಕರೆ ಬರುತ್ತಿತ್ತು. ಶಾಲೆಯಲ್ಲಿ ಕಲಿಸುವ ಬಾಯಿಯವರು, ಸೊಸೈಟಿಯ ಗುಮಾಸ್ತೆಯರು, ಈಗ ತಿಳವಳ್ಳಿಯಲ್ಲಿ ಗೊಬ್ಬರದ ಅಂಗಡಿ ನಡೆಸುವ ಸರೋಜವ್ವ. ಆ ಕಾರಿಗೆ ಪೆಡಲ್ಲುಗಳಿದ್ದದ್ದು ಬಲಗಡೆ ಮಾತ್ರ. ಕಲಿಯುವವರು ಹೆದರಿ ಕಾಲೆತ್ತಿದರೆ, ಎಡಗಡೆ ಕುಳಿತವಳಿಗೆ ಗಾಡಿ ನಿಲ್ಲಿಸಲು ಇದ್ದದ್ದು ಆ ಹಿಡಿಯೊಂದೇ.

ಮೈಲಾರಿ ಹಿರೇಬೆಂಡಿಗೇರಿಯವನು. ಅಪ್ಪ ಗುಡ್ಡಪ್ಪ ಇನ್ನೊಬ್ಬರ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಮಗ ಐಟಿಐ ಮುಗಿಸಿ ಶಿಗ್ಗಾಂವಿಯ ಹೆದ್ದಾರಿ ಬದಿಯಲ್ಲಿ ಜಮಾಲಸಾಬರ ಗ್ಯಾರೇಜಿಗೆ ಸೇರಿದ. ಜಮಾಲಸಾಬರು ಅವನ ಕೈಗೆ ನಟ್ಟು ಬಿಚ್ಚುವ ಪಾನಾ ಕೊಡುವ ಮೊದಲು ಕಲ್ಲು ಕೊಟ್ಟಿದ್ದರು. ಗಾಡಿ ಬಂದ ಕೂಡಲೇ ಗಾಲಿಗೆ ಕಲ್ಲು, ಉಳಿದದ್ದು ಆಮೇಲೆ. ಅದು ಆ ಗ್ಯಾರೇಜಿನ ಪಾಠ ಮಾತ್ರ ಆಗಿರಲಿಲ್ಲ. ಆ ಸೀಮೆಯಲ್ಲಿ ಲಾರಿಯವರಿಂದ ಹಿಡಿದು ಬಾಡಿಗೆ ಜೀಪಿನವರ ತನಕ ಎಲ್ಲರೂ ಗಾಡಿ ನಿಲ್ಲಿಸುವುದು ಹಾಗೇ. ಗೇರಿನಲ್ಲಿ ಬಿಟ್ಟು ಇಳಿ, ಗಾಲಿಗೊಂದು ಕಲ್ಲು ಕೊಡು. ಹೇಳಿ ಕೇಳಿ ಸಪಾಟು ನಾಡು. ಹ್ಯಾಂಡ್ ಬ್ರೇಕಿನ ತಂತಿ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೂ ಯಾರೂ ಅದನ್ನು ರಿಪೇರಿಗೆ ಅಂತ ತಂದವರಲ್ಲ. ಸ್ವಂತ ಶೆಡ್ಡು ಹಾಕಿದ ಮೇಲೂ ಮೈಲಾರಿ ಹ್ಯಾಂಡ್ ಬ್ರೇಕಿಗೆ ಕೈ ಹಚ್ಚುವ ಪ್ರಸಂಗವೇ ಬಂದಿರಲಿಲ್ಲ.

ಅಂದು ಹಿಂದಿನ ಗಾಲಿ ಬಿಚ್ಚಿ ನೋಡಿದ. ಹಳೆಯ ಗಾಡಿಗಳಲ್ಲಿ ಹಿಂದಿನ ಬ್ರೇಕು ಒಂದು ಮುಚ್ಚಿದ ಡಬ್ಬಿ. ಅದಕ್ಕೆ ಡ್ರಮ್ ಎನ್ನುತ್ತಾರೆ. ಪೆಡಲ್ ಒತ್ತಿದರೂ ಹ್ಯಾಂಡ್ ಬ್ರೇಕಿನ ತಂತಿ ಎಳೆದರೂ ಒಳಗಿನ ಎರಡು ಲೈನರುಗಳು ಅಗಲವಾಗಿ ಡಬ್ಬಿಯ ಒಳಮೈಯನ್ನು ಹಿಡಿಯುತ್ತವೆ. ಈ ಕಾರಿನ ಡಬ್ಬಿಗಳು ಸವೆದು ದುಂಡು ಕಳೆದುಕೊಂಡಿದ್ದವು. ಒಂದರ ಅಂಚಿನಲ್ಲಿ ಕೂದಲೆಳೆಯಂಥ ಬಿರುಕಿತ್ತು. ನೀರು ಹೊಕ್ಕರೆ ಹೊರಗೆ ಹೋಗಲು ದಾರಿಯಿಲ್ಲ. ಆ ಮಾಡೆಲ್ಲಿನ ಹೊಸ ಡ್ರಮ್ ಈಗ ಎಲ್ಲೂ ಸಿಗುವುದಿಲ್ಲ ಎಂದು ಹುಬ್ಬಳ್ಳಿಯ ಅಂಗಡಿಯವರು ಫೋನಿನಲ್ಲೇ ಹೇಳಿದರು.

ಮೈಲಾರಿಗೆ ಬೇಕಾದದ್ದೂ ಅದೇ ಆಗಿತ್ತು. ಹಳೆಯ ಗಾಡಿಯ ಹಿಂದಿನ ಡ್ರಮ್ ತೆಗೆದು ಡಿಸ್ಕ್ ಕೂರಿಸುವ ಆಸೆ ಅವನಿಗೆ ಬಹಳ ದಿನದಿಂದ ಇತ್ತು. ಗಾಲಿಯ ಜೊತೆ ತಿರುಗುವ ಬಿಡಿ ತಟ್ಟೆ, ಅದನ್ನು ಎರಡೂ ಬದಿಯಿಂದ ಅವುಚಿ ಹಿಡಿಯುವ ಕ್ಯಾಲಿಪರ್. ಎಲ್ಲ ಬಯಲಿನಲ್ಲೇ ಇರುವುದರಿಂದ ನೀರು ನಿಲ್ಲುವುದಿಲ್ಲ, ಕಾವು ಕೂಡುವುದಿಲ್ಲ. ಹಾನಗಲ್ಲಿನಲ್ಲಿ ಯಾರೂ ಮಾಡಿರದ ಕೆಲಸ. ವಿದ್ಯಾಶ್ರೀ ಅರ್ಧ ಮನಸ್ಸಿನಿಂದಲೇ ಒಪ್ಪಿದಳು. ಯಾರ ಕೈಯಲ್ಲಿ ಕೊಟ್ಟರೂ ನಿಲ್ಲುವ ಗಾಡಿ ಬೇಕು, ತನ್ನ ಹತ್ತಿರ ಬರುವವರು ಮೊದಲೇ ಹೆದರಿ ಬಂದವರು ಎಂದಷ್ಟೇ ಹೇಳಿ ಕಾರು ಬಿಟ್ಟು ಹೋದಳು.

ಸವಣೂರಿನಲ್ಲಿ ಮುಬಶೀರನ ಗುಜರಿ ಅಂಗಡಿ. ಹಳೆಯ ಗಾಡಿ ಒಡೆದು ಮಾರುವುದು ಅವನ ಕಸುಬು. ಮೈಲಾರಿ ಅಲ್ಲಿ ಒಂದು ದೊಡ್ಡ ಗಾಡಿಯ ತಟ್ಟೆ, ಕ್ಯಾಲಿಪರ್ ಆರಿಸಿಕೊಂಡ. ಗಟ್ಟಿ ಮಾಲು, ಒಳಗಿನ ಪಿಸ್ಟನ್ನು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆದರೆ ಅದಕ್ಕೆ ಹ್ಯಾಂಡ್ ಬ್ರೇಕಿನ ತಂತಿ ಸಿಕ್ಕಿಸುವ ಕೊಕ್ಕೆ ಇರಲಿಲ್ಲ. ಮುಬಶೀರ ಅದನ್ನು ತೋರಿಸಿಯೇ ಕೊಟ್ಟ. “ಇದಕ್ಕ ಹ್ಯಾಂಡ್ ಬ್ರೇಕ್ ಬರಂಗಿಲ್ಲ ನೋಡಪಾ. ಕೊಕ್ಕೀದು ಬೇಕಂದ್ರ ಇನ್ನೊಂದು ಗಾಡಿ ಒಡಿಯೂತನಕ ಕಾಯಬೇಕು.”

“ಹ್ಯಾಂಡ್ ಬ್ರೇಕ್ ಯಾರ್ ಎಳೀತಾರೋ ಮಾರಾಯ? ಒಂದ್ ಕಲ್ಲು ಇಟ್ರ ಆತು,” ಎಂದ ಮೈಲಾರಿ. ಮುಬಶೀರನೂ ಹೌದೆಂದು ನಕ್ಕ. ಅವನ ಅಂಗಡಿಯ ಮುಂದೆ ನಿಂತಿದ್ದ ಅವನ ಸ್ವಂತ ಟೆಂಪೋದ ಗಾಲಿಗೂ ಕಲ್ಲೇ ಇತ್ತು.

ಉಳಿದ ಕೆಲಸವನ್ನು ಮೈಲಾರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ. ಕ್ಯಾಲಿಪರ್ ಹಿಡಿಯುವ ಕಬ್ಬಿಣದ ತುಂಡನ್ನು ಶಿಗ್ಗಾಂವಿಯ ಲೇತ್ ಯಂತ್ರದಲ್ಲಿ ಕೊರೆಸಿದ. ಆಯಿಲ್ ಪೈಪು ಹೊಸದು ಎಳೆದ. ಓಡಿಸಿ ನೋಡಿದಾಗ ಹಿಂದಿನ ಗಾಲಿ ಮುಂದಿನವಕ್ಕಿಂತ ಮೊದಲೇ ಕಚ್ಚಿ ಗಾಡಿಯ ಬಾಲ ಜಾರಿತು; ಹಿಂದಕ್ಕೆ ಹೋಗುವ ಒತ್ತಡ ತಗ್ಗಿಸಲು ಒಂದು ವಾಲ್ವು ಕೂರಿಸಿದ. ಮತ್ತೆ ಓಡಿಸಿದ. ಈಗ ಪೆಡಲ್ ಮುಟ್ಟಿದರೆ ಸಾಕು, ಗಾಡಿ ನೇರವಾಗಿ, ಮೆತ್ತಗೆ, ಹೇಳಿದಲ್ಲಿ ನಿಲ್ಲುತ್ತಿತ್ತು. ಜೋತುಬಿದ್ದ ಹ್ಯಾಂಡ್ ಬ್ರೇಕಿನ ತಂತಿ ರಸ್ತೆಗೆ ತಾಗಿ ಸದ್ದು ಮಾಡಬಾರದೆಂದು ಅದರ ತುದಿಯನ್ನು ಒಂದು ಸ್ಪ್ರಿಂಗಿಗೆ ಸಿಕ್ಕಿಸಿ ತಳಕ್ಕೆ ಕಟ್ಟಿಬಿಟ್ಟ. ಇದರಿಂದ ಒಳಗೆ ಹಿಡಿ ಎಳೆದರೆ ಮೊದಲಿನಂತೆಯೇ ಬಿಗಿಯಾಗಿ ಕರ್ರ್ ಎನ್ನುತ್ತಿತ್ತು. ಅಚ್ಚುಕಟ್ಟಾಯಿತು ಎಂದುಕೊಂಡ.

ದೀಪಾವಳಿ ಕಳೆದ ಮೇಲೆ ಒಂದು ಬೆಳಗ್ಗೆ ವಿದ್ಯಾಶ್ರೀ ಗಾಡಿ ಒಯ್ಯಲು ಬಂದಳು. ರಸ್ತೆಗೆ ಹೋಗಿ ಒಂದು ಸುತ್ತು ಹಾಕಿ ಬಂದವಳ ಮುಖ ಅರಳಿತ್ತು. ಪಕ್ಕದ ಚಹಾದಂಗಡಿಯವರ ಎದುರಿಗೇ ಅವನ ಕೈಗುಣ ಹೊಗಳಿದಳು. ಹ್ಯಾಂಡ್ ಬ್ರೇಕಿನ ವಿಷಯ ಮೈಲಾರಿಯ ನಾಲಿಗೆಯ ತುದಿಯ ತನಕ ಬಂತು. ಆ ಹೊಗಳಿಕೆಯ ನಡುವೆ ಅದನ್ನು ಎತ್ತುವುದು ಹೇಗೆಂದು ತಿಳಿಯದೆ, ನಿಲ್ಲಿಸುವಾಗ ಒಂದು ಕಲ್ಲು ಇಡ್ರಿ ಅಕ್ಕೋರ ಎಂದ. ಎಲ್ಲರೂ ಎಲ್ಲರಿಗೂ ಹೇಳುವ ಮಾತು ಅದು. ಆಕೆ ತಲೆಯಾಡಿಸಿ ಗಾಡಿ ಹತ್ತಿದಳು. ಇಂದು ಸರೋಜವ್ವನಿಗೆ ಕೆರೆಯ ಏರಿ ಹತ್ತುವುದನ್ನು, ಏರಿನ ನಡುವೆ ನಿಲ್ಲಿಸಿ ಮತ್ತೆ ಎತ್ತುವುದನ್ನು ಕಲಿಸುತ್ತೇನೆ, ಪರೀಕ್ಷೆ ಹತ್ತಿರ ಬಂತು ಎಂದು ಹೇಳಿ ತಿಳವಳ್ಳಿಯ ಕಡೆಗೆ ಹೊರಟಳು.

ಮೈಲಾರಿ ಮುಂದಿನ ಕೆಲಸಕ್ಕೆ ಕೈ ಹಾಕಿದ. ಬೀಜದಂಗಡಿಯವರ ಕಾರು, ಎಡಗಡೆಯ ಬಾಗಿಲಿನ ಗಾಜು ಇಳಿಯುತ್ತಿರಲಿಲ್ಲ. ಎಡ ಸೀಟಿನಲ್ಲಿ ಕುಳಿತು ಬಾಗಿಲಿನ ಒಳಹೊದಿಕೆ ಕಿತ್ತ. ಅದು ಬಿಗಿಯಾಗಿ ಕೂತಿತ್ತು. ಮೊಣಕಾಲು ಕೊಟ್ಟು ಜಗ್ಗಿದ. ಆ ಜಗ್ಗಾಟಕ್ಕೆ, ಗೇರಿನಲ್ಲಿ ಇರದಿದ್ದ ಗಾಡಿ ಒಮ್ಮೆ ಅಲುಗಿತು. ಗಾಲಿಗೆ ಕೊಟ್ಟಿದ್ದ ಕಲ್ಲು ಸಡಿಲ ಮಣ್ಣಿನಲ್ಲಿ ಮಗುಚಿತು. ಕಾರು ಅಂಗಳದ ಇಳಿಜಾರಿನಲ್ಲಿ ಮೆಲ್ಲಗೆ ಹೊರಟಿತು.

ಮೈಲಾರಿಯ ಕಾಲು ತಾನಾಗಿ ಬ್ರೇಕು ಹುಡುಕಿತು. ಕಾಲ ಕೆಳಗೆ ಬರೀ ರಬ್ಬರಿನ ಹಾಸು. ಇನ್ನೊಮ್ಮೆ ಒತ್ತಿದ, ಹಾಸನ್ನೇ ಒತ್ತಿದ. ಆಗ ಬಲಗೈ ಸೀಟುಗಳ ನಡುವಿನ ಹಿಡಿಯನ್ನು ಬಾಚಿ ಹಿಡಿದು ಎಳೆಯಿತು. ಹಿಡಿ ಸಲೀಸಾಗಿ ಮೇಲೆ ಬಂತು. ತಂತಿ ಎಂದೋ ಕಡಿದಿತ್ತು. ಕಾರು ಹೋಗಿ ಹಳೆಯ ಟಯರುಗಳ ರಾಶಿಗೆ ಗುದ್ದಿ ನಿಂತಿತು. ಏನೂ ಆಗಲಿಲ್ಲ. ಚಹಾದಂಗಡಿಯವರು ಕೂತಲ್ಲಿಂದಲೇ ನಗೆಯಾಡಿದರು.

ಮೈಲಾರಿ ನಗಲಿಲ್ಲ. ಅವನ ಕೈ ಇನ್ನೂ ಹಿಡಿಯ ಮೇಲೇ ಇತ್ತು. ಅವನು ಕುಳಿತಿದ್ದದ್ದು ಎಡಗಡೆಯ ಸೀಟಿನಲ್ಲಿ. ಅಂದು ಅಕ್ಕೋರು ಕುಳಿತಿದ್ದ ಸೀಟು, ಅಂದು ಅವರ ಕೈ ಇದ್ದ ಜಾಗ. ಕಾಲಿಗೆ ಏನೂ ಸಿಗದ ಆ ಸೀಟಿಗೆ ಬ್ರೇಕು ಅದೊಂದೇ.

ಫೋನು ಹಚ್ಚಿದ. ರಿಂಗು ಪೂರ್ತಿ ಬಡಿದು ನಿಂತಿತು. ಪಾಠ ನಡೆಯುವಾಗ ವಿದ್ಯಾಶ್ರೀ ಫೋನನ್ನು ಗಾಡಿಯ ಮುಂದಿನ ಖಾನೆಯೊಳಗೆ ಹಾಕಿ ಮುಚ್ಚುತ್ತಾಳೆ ಎಂದು ಆಮೇಲೆ ಗೊತ್ತಾಯಿತು. ಮತ್ತೆ ಹಚ್ಚಿದ, ಮತ್ತೆ ಅದೇ. ಶೆಡ್ಡಿನ ಬಾಗಿಲನ್ನೂ ಎಳೆಯದೆ ಬೈಕು ಹತ್ತಿದ.

ಅದು ಒಕ್ಕಣೆಯ ಕಾಲ. ತಿಳವಳ್ಳಿ ರಸ್ತೆಯ ಅರ್ಧ ಭಾಗದಲ್ಲಿ ಗೋವಿನಜೋಳ ಒಣಹಾಕಿದ್ದರು. ಉಳಿದ ಅರ್ಧದಲ್ಲಿ ಬಸ್ಸು, ಟ್ರ್ಯಾಕ್ಟರ್, ಬೈಕು ಎಲ್ಲ. ಮುಂದೆ ತೆನೆ ತುಂಬಿದ ಟ್ರೇಲರ್ ಒಂದು ತೂಗಾಡುತ್ತ ಹೋಗುತ್ತಿತ್ತು. ಹಾರ್ನು ಬಡಿದರೂ ದಾರಿ ಬಿಡಲು ಜಾಗವಿಲ್ಲ. ಕಾಳಿನ ಮೇಲೆ ಬೈಕು ಇಳಿಸಿದರೆ ಮಣಿಗಳ ಮೇಲೆ ಜಾರಿದ ಹಾಗೆ ಗಾಲಿ ಜಾರುತ್ತದೆ. ಆದರೂ ಇಳಿಸಿದ. ಕಾಳು ಕೆದರುತ್ತಿದ್ದ ಹೆಂಗಸು ಹಿಡಿಶಾಪ ಹಾಕಿದ್ದು ಕಿವಿಗೆ ಬಿತ್ತು. ಅವನ ಕಣ್ಣ ಮುಂದೆ ಇದ್ದದ್ದು ಒಂದೇ ಚಿತ್ರ, ಕಣ್ಣು ಮುಚ್ಚಿ ಎರಡೂ ಕಾಲು ಎತ್ತಿದ ಸರೋಜವ್ವ. ಸಪಾಟಿನಲ್ಲಿ ಎತ್ತಿದರೆ ಗಾಡಿ ಒಂದಿಷ್ಟು ದೂರ ಹೋಗಿ ನಿಂತೀತು. ಏರಿಯ ಮೇಲೆ ಹಾಗಲ್ಲ. ಅಲ್ಲಿ ಒಂದು ಬದಿಗೆ ನೀರು. ಈ ಸಲ ಮಳೆ ಚೆನ್ನಾಗಿ ಆಗಿ ಕೆರೆ ಕೋಡಿ ಬಿದ್ದಿದೆ ಎಂದು ಚಹಾದಂಗಡಿಯಲ್ಲಿ ದಿನವೂ ಮಾತಾಡುತ್ತಿದ್ದರು. ನಡುವೆ ಒಮ್ಮೆ ನಿಂತು ಮತ್ತೆ ಫೋನು ಮಾಡಿದ. ನಿಂತದ್ದೇ ತಪ್ಪಾಯಿತೆನಿಸಿ ರಿಂಗು ಮುಗಿಯುವ ಮೊದಲೇ ಹೊರಟ.

ಊರಿನ ಹತ್ತಿರ ರಸ್ತೆ ಬಿಟ್ಟು ಬಲಕ್ಕೆ ಹೊರಳಿದರೆ ಕೆರೆಯ ಏರಿ. ಹೊಲದ ದಾರಿಯಿಂದ ಏರಿಯ ನೆತ್ತಿಗೆ ಒಂದು ಕಿರಿದಾದ ಏರು ಹತ್ತುತ್ತದೆ. ಅದರ ಬಲಕ್ಕೆ ಕಲ್ಲು ಜೋಡಿಸಿದ ದಂಡೆ, ದಂಡೆಯ ಕೆಳಗೆ ನೀರು. ಎಡಕ್ಕೆ ತೂಬಿನಿಂದ ಗದ್ದೆಗೆ ಹೋಗುವ ಕಾಲುವೆ. ಮೈಲಾರಿ ತಿರುವಿಗೆ ಬಂದಾಗ ಬಿಳಿ ಕಾರು ಏರಿನ ಮುಕ್ಕಾಲು ಹತ್ತಿ ಮೂಗು ಮೇಲೆ ಮಾಡಿ ನಿಂತಿತ್ತು.

ಹಿಂದಿನ ಕೆಂಪು ದೀಪಗಳು ಹತ್ತಿದ್ದವು. ಅಂದರೆ ಸರೋಜವ್ವನ ಕಾಲು ಪೆಡಲಿನ ಮೇಲಿದೆ. ಮೈಲಾರಿ ಜೀವ ಕೈಯಲ್ಲಿ ಹಿಡಿದು ಆ ಎರಡು ದೀಪಗಳನ್ನೇ ನೋಡುತ್ತ ಬೈಕು ಓಡಿಸಿದ. ಕೂಗಿದ. ಅವನ ಬೈಕಿನ ಸದ್ದಿನಲ್ಲಿ ಅವನ ಕೂಗು ಅವನಿಗೇ ಕೇಳಲಿಲ್ಲ. ಹಿಂದಿನ ಗಾಜಿನಲ್ಲಿ ವಿದ್ಯಾಶ್ರೀಯ ಬಲ ಭುಜ ಹಿಂದಕ್ಕೆ ಸರಿದದ್ದು ಕಂಡಿತು. ಹಿಡಿ ಎಳೆದಳು. ಈಗ ಆಕೆ ಸರೋಜವ್ವನಿಗೆ ಬ್ರೇಕು ಬಿಡ್ರಿ ಎನ್ನುತ್ತಾಳೆ.

ಕೆಂಪು ದೀಪಗಳು ಆರಿದವು.

ಕಾರು ಮೊದಲು ಒಂದು ಮೊಳ ಹಿಂದಕ್ಕೆ ಬಂತು, ಆಮೇಲೆ ಇನ್ನೊಂದು. ಭುಜ ಮತ್ತೆ ಸರಿಯಿತು, ಇನ್ನೂ ಜೋರಾಗಿ. ದೀಪ ಹತ್ತಲಿಲ್ಲ. ಗಾಡಿಯ ಓಟ ಏರಿತು. ಹಿಂಭಾಗ ಓರೆಯಾಗಿ ನೀರಿನ ಕಡೆಗೆ ಹೊರಳತೊಡಗಿತು. ದಂಡೆಯ ಅಂಚಿನ ಒಂದು ಕಲ್ಲು ಕಿತ್ತುಬಂದು ಕೆರೆಗೆ ಬಿದ್ದದ್ದು ಮೈಲಾರಿಗೆ ಸ್ಪಷ್ಟವಾಗಿ ಕಂಡಿತು. ಆಗ ಆಕೆಯ ಕೈ ಹಿಡಿ ಬಿಟ್ಟು ಸ್ಟೇರಿಂಗಿಗೆ ಹೋಯಿತು. ಇಡೀ ಮೈ ಬಲಕ್ಕೆ ಬಾಗಿ, ಸರೋಜವ್ವನ ಕೈಗಳ ಮೇಲಿಂದಲೇ ಚಕ್ರವನ್ನು ಹಿಡಿದು ಎಳೆದಳು. ಮುಂದಿನ ಗಾಲಿಗಳು ಹೊರಳಿದವು. ಕಾರಿನ ಬಾಲ ನೀರು ಬಿಟ್ಟು ಎಡಕ್ಕೆ ತಿರುಗಿತು, ದಾರಿ ದಾಟಿ ಕಾಲುವೆಗೆ ಧಡಕ್ಕನೆ ಇಳಿಯಿತು. ಹಿಂದಿನ ಒಂದು ಗಾಲಿ ಕಾಲುವೆಯಲ್ಲಿ, ಮುಂದಿನ ಒಂದು ಗಾಲಿ ಗಾಳಿಯಲ್ಲಿ. ಇಂಜಿನ್ನು ಕೆಮ್ಮಿ ನಿಂತಿತು.

ಮೈಲಾರಿ ಬೈಕನ್ನು ಎಲ್ಲಿ ಕೆಡವಿದನೋ ಅವನಿಗೇ ಗೊತ್ತಿಲ್ಲ. ಓಡಿಹೋಗಿ ಬಾಗಿಲು ತೆಗೆದ. ಸರೋಜವ್ವ ಬಲ ಮುಂಗೈಯನ್ನು ಎದೆಗೆ ಒತ್ತಿ ಹಿಡಿದು ಕುಳಿತಿದ್ದಳು. ಸ್ಟೇರಿಂಗಿನ ಚಕ್ರ ಗಿರ್ರನೆ ತಿರುಗಿದಾಗ ಕೈ ಅದರ ಕಡ್ಡಿಗೆ ಸಿಕ್ಕಿ ತಿರುಚಿತ್ತು. ಬಣ್ಣ ಹೋದ ಮುಖದಲ್ಲಿಯೂ ಆಕೆ ಮೊದಲು ಹೇಳಿದ್ದು ತನ್ನ ತಪ್ಪಿಲ್ಲವೆಂದೇ. “ಈ ಸಲ ನಾ ಖರೇನ ಒತ್ತಿದ್ದೆ ಅಕ್ಕೋರ. ನೀವು ಬಿಡ್ರಿ ಅಂದ್ರಿ, ಬಿಟ್ಟೆ.”

“ನಿಮ್ಮದೇನೂ ತಪ್ಪಿಲ್ರಿ ಸರೋಜವ್ವಾರ,” ಎಂದಳು ವಿದ್ಯಾಶ್ರೀ. ಆಕೆಯ ದನಿ ಸಣ್ಣದಾಗಿತ್ತು. ಮೈಲಾರಿ ಅಲ್ಲಿಗೆ ಹೇಗೆ ಬಂದ, ಯಾಕೆ ಬಂದ ಎಂದು ಕೇಳಲಿಲ್ಲ. ಇಳಿದು, ಕಾಲುವೆಯ ಕೆಸರಿನಲ್ಲಿ ಮೊಣಕಾಲೂರಿ ಗಾಡಿಯ ತಳ ನೋಡಿದಳು. ಓರೆಯಾಗಿ ನಿಂತ ಗಾಡಿಯ ತಳ ಪೂರ್ತಿ ಕಾಣುತ್ತಿತ್ತು. ಸ್ಪ್ರಿಂಗಿಗೆ ಕಟ್ಟಿದ ತಂತಿಯನ್ನು ಬೆರಳಿನಿಂದ ಮುಟ್ಟಿದಳು.

“ಇದನ್ನ ಯಾರು ಕಟ್ಯಾರ?”

“ನಾನ ರಿ.”

“ನನಗ ಯಾಕ ಹೇಳಲಿಲ್ಲ?”

“ಹೇಳಿದ್ದೆ ಅಕ್ಕೋರ. ಕಲ್ಲು ಇಡ್ರಿ ಅಂತ.”

ವಿದ್ಯಾಶ್ರೀ ಎದ್ದು ನಿಂತು ಕೆಸರಿನ ಕೈಯನ್ನು ಸೀರೆಗೆ ಒರೆಸಿಕೊಂಡಳು. “ಓಡೋ ಗಾಡಿಗೆ ಕಲ್ಲು ಎಲ್ಲಿ ಇಡ್ಲಿ, ಮೈಲಾರಿ?”

ಮೈಲಾರಿ ಸರೋಜವ್ವನನ್ನು ಕೆಳಗಿಳಿಸಲು ಹೋದ.

ಸರೋಜವ್ವನನ್ನು ಹಾನಗಲ್ಲಿನ ಆಸ್ಪತ್ರೆಗೆ ಕರೆದೊಯ್ದರು. ಮುಂಗೈ ಎಲುಬು ಸೀಳು ಬಿಟ್ಟಿತ್ತು, ಪಟ್ಟಿ ಹಾಕಿದರು. ಸುದ್ದಿ ಊರೆಲ್ಲ ಹರಡಿತು, ಹರಡುತ್ತ ಬೇರೆ ಬೇರೆ ರೂಪ ತಾಳಿತು. ಹೆಂಗಸರು ಗಾಡಿ ಓಡಿಸಿದರೆ ಹೀಗೇ ಎಂದವರಿದ್ದರು, ಡಿಸ್ಕ್ ಹಾಕಿಸಿದರೆ ಗಾಡಿ ನಿಲ್ಲುವುದೇ ಇಲ್ಲ ಎಂದವರಿದ್ದರು. ಮೈಲಾರಿ ಎರಡನ್ನೂ ತಿದ್ದಲು ಹೋಗಿ, ತಾನು ಮಾಡಿದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದ. ಆಮೇಲೆ ಕೆಲವರು ಅವನ ಶೆಡ್ಡಿನಲ್ಲಿದ್ದ ಗಾಡಿಗಳನ್ನು ತೆಗೆದುಕೊಂಡು ಹೋದರು.

ಬಿಳಿ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿ ವಿದ್ಯಾಶ್ರೀ ಹುಬ್ಬಳ್ಳಿಗೇ ಕಳಿಸುತ್ತಾಳೆ ಎಂದುಕೊಂಡಿದ್ದ. ಟ್ರ್ಯಾಕ್ಟರ್ ಬಂದು ನಿಂತದ್ದು ಅವನ ಅಂಗಳದಲ್ಲಿ. ಹಿಂದಿನಿಂದ ಆಕೆಯೂ ಬಂದಳು. ಹಳೆಯ ಡ್ರಮ್ಮನ್ನೇ ಮತ್ತೆ ಹಾಕೆಂದರೆ ಬಿರುಕು ಬಿಟ್ಟ ಡಬ್ಬಿ; ಹಾಗಾಗಿ ಡಿಸ್ಕೇ ಇರಲಿ, ಆದರೆ ಹಿಡಿ ಎಳೆದರೆ ಗಾಡಿ ನಿಲ್ಲಬೇಕು ಎಂದಳು. ಮೈಲಾರಿ ಆಗಲಿ ಎಂದು ತಲೆ ತಗ್ಗಿಸಿದ.

“ಇನ್ನೊಂದು ಐತಿ,” ಎಂದಳು ಆಕೆ. “ಸರೋಜವ್ವಾರ ಪಟ್ಟಿ ಬಿಚ್ಚಿದ ಮ್ಯಾಲೆ ಅದ ಏರಿ ಹತ್ತೂದು. ಅವರ ಓಡಸ್ತಾರ. ಎಡಗಡೆ ನೀ ಕುಂದರ್ತಿ.”

ಆ ದಿನದಿಂದ ಮೈಲಾರಿಗೆ ಬೇರೆ ಯೋಚನೆ ಇರಲಿಲ್ಲ. ಮುಬಶೀರನ ಅಂಗಡಿಗೆ ಹೋಗಿ ಒಡೆದ ಗಾಡಿಗಳ ಕೆಳಗೆ ತೆವಳಿದ. ಕೊಕ್ಕೆಯಿರುವ ಕ್ಯಾಲಿಪರ್ ಜೋಡಿ ಸವಣೂರಿನಲ್ಲಿ ಸಿಗಲಿಲ್ಲ. ಮುಬಶೀರ ಈ ಸಲ ನಗಲಿಲ್ಲ. ತನ್ನ ಬಳಗದವರಿಗೆಲ್ಲ ಫೋನು ಹಚ್ಚಿ ಹಿರೇಕೆರೂರಿನಲ್ಲಿ ಬಿದ್ದಿದ್ದ ಒಂದು ಗಾಡಿಯಿಂದ ತರಿಸಿಕೊಟ್ಟ. ಒಂದು ಚೆನ್ನಾಗಿತ್ತು, ಇನ್ನೊಂದರ ಕೊಕ್ಕೆ ತುಕ್ಕಿನಿಂದ ಕಚ್ಚಿತ್ತು. ಬಿಚ್ಚಿ, ತೊಳೆದು, ಒಳಗಿನ ರಬ್ಬರು ಬದಲಿಸಿದ. ಹಿಡಿಯುವ ತುಂಡನ್ನು ಮತ್ತೆ ಕೊರೆಸಬೇಕಾಯಿತು. ಮೊದಲನೆಯದು ಒಂದು ಕೂದಲಿನಷ್ಟು ಓರೆಯಾಗಿ ತಟ್ಟೆ ಉಜ್ಜಿತು. ಅದನ್ನು ಬಿಸುಟು ಇನ್ನೊಂದು ಮಾಡಿಸಿದ. ತಂತಿ ಹೊಸದು ಎಳೆದು, ಎರಡೂ ಗಾಲಿಗೆ ಸಮ ಬಿಗಿ ಬರುವ ತನಕ ತಿರುವಿದ, ಸಡಿಲಿಸಿದ, ಮತ್ತೆ ತಿರುವಿದ. ಹಿಡಿ ಎಳೆದಿಟ್ಟು ಗಾಡಿಯನ್ನು ಟ್ರ್ಯಾಕ್ಟರಿನಿಂದ ಜಗ್ಗಿಸಿ ನೋಡಿದ. ಗಾಲಿಗಳು ತಿರುಗದೆ ಮಣ್ಣಿನಲ್ಲಿ ಉಳುಮೆಯ ಸಾಲು ಎಳೆದವು.

ಆದರೂ ಅವನಿಗೆ ಗೊತ್ತಿತ್ತು, ತಂತಿ ಎಳೆದಾಗ ಇಂಥ ಸಣ್ಣ ಕ್ಯಾಲಿಪರಿನ ಹಿಡಿತ ಹಳೆಯ ಡ್ರಮ್ಮಿನಷ್ಟು ಗಟ್ಟಿ ಇರುವುದಿಲ್ಲ. ಅಂಗಳ ಬೇರ, ಏರಿ ಬೇರ ಎಂದು ಹೆಂಡತಿಯ ಮುಂದೆ ಒಮ್ಮೆ ಅಂದ. ಹಾಗಾದರೆ ಹೋಗಬೇಡ ಎಂದಳು ಆಕೆ. ಅವನು ತಂತಿಯನ್ನು ಇನ್ನೊಮ್ಮೆ ನೋಡಲು ಶೆಡ್ಡಿಗೆ ಹೋದ.

ಪಟ್ಟಿ ಬಿಚ್ಚಿದ ಸರೋಜವ್ವ ಹೇಳಿದ ದಿನ ಬಂದಳು. ಕೈ ಸ್ವಲ್ಪ ಬತ್ತಿತ್ತು. ಏರಿನ ಬುಡದಲ್ಲಿ ಕಾರು ನಿಂತಿತ್ತು. ಆಕೆ ಮೈಲಾರಿಯನ್ನು ಅಡಿಯಿಂದ ಮುಡಿಯ ತನಕ ನೋಡಿ, “ಈ ತಮ್ಮನ ಜೀವಾ ನನ್ನ ಕೈಯಾಗ ಕೊಡ್ತೀರೇನ್ರಿ ಅಕ್ಕೋರ? ಮನ್ಯಾಗ ಹೇಳಿ ಬಂದಾನೋ ಇಲ್ಲೋ,” ಎಂದಳು.

“ನಂದೂ ಕೊಡಾಕತ್ತೇನಿ,” ಎಂದು ವಿದ್ಯಾಶ್ರೀ ಹಿಂದಿನ ಸೀಟಿನಲ್ಲಿ ಕುಳಿತು ಬಾಗಿಲು ಹಾಕಿಕೊಂಡಳು.

ಇದನ್ನು ಮೈಲಾರಿ ಎಣಿಸಿರಲಿಲ್ಲ. ಆಕೆ ದಂಡೆಯ ಮೇಲೆ ನಿಂತು ನೋಡುತ್ತಾಳೆ ಎಂದುಕೊಂಡಿದ್ದ. ಇಳೀರಿ ಅಕ್ಕೋರ ಎಂದ. ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಎಡಗಡೆ ಕುಳಿತ. ಕಾಲ ಕೆಳಗೆ ಮತ್ತೆ ಅದೇ ಖಾಲಿ ಹಾಸು.

ಸರೋಜವ್ವ ಗೇರು ಹಾಕಿದಳು. ಕಾರು ಗುಡುಗುಡು ಎನ್ನುತ್ತ ಏರು ಹತ್ತಿತು. ಬಲಕ್ಕೆ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಕಲ್ಲು ಕಿತ್ತುಹೋದ ಜಾಗ ದಂಡೆಯಲ್ಲಿ ಇನ್ನೂ ಹಾಗೇ ಇತ್ತು. ಮುಕ್ಕಾಲು ಏರಿನಲ್ಲಿ ಆಕೆ ಬ್ರೇಕು ಒತ್ತಿ ನಿಲ್ಲಿಸಿದಳು. ಮೈಲಾರಿ ಹಿಡಿಯನ್ನು ಎಳೆದ. ಕೈ ಬೆವೆತು ಜಾರಿತು. ಅಂಗಿಗೆ ಒರೆಸಿ ಮತ್ತೆ ಎಳೆದ.

ಈಗ ಬಿಡ್ರಿ ಎನ್ನಬೇಕಾದವನು ಅವನೇ. ಹಿಡಿಯನ್ನೇ ಇನ್ನೊಮ್ಮೆ ಜಗ್ಗಿ ನೋಡಿದ. ಸರೋಜವ್ವ ಸ್ಟೇರಿಂಗ್ ಬಿಗಿಯಾಗಿ ಹಿಡಿದು ಮುಂದೆ ನೋಡುತ್ತಿದ್ದಳು; ಒತ್ತಿ ಒತ್ತಿ ಆಕೆಯ ಕಾಲು ನಡುಗತೊಡಗಿತ್ತು.  ಹಿಂದಿನಿಂದ ವಿದ್ಯಾಶ್ರೀ ಏನಾದರೂ ಅಂದಿದ್ದರೆ ಅವನಿಗೆ ಹಗುರಾಗುತ್ತಿತ್ತು. ತಂತಿಯ ಪ್ರತಿಯೊಂದು ನಟ್ಟನ್ನೂ ಮನಸ್ಸಿನಲ್ಲೇ ಮುಟ್ಟಿ ನೋಡಿದ. ಎಡಗಡೆಯ ಕೊಕ್ಕೆ, ಬಲಗಡೆಯ ಕೊಕ್ಕೆ, ಹೊಸ ರಬ್ಬರು.

“ಬಿಡ್ರಿ ಅವ್ವಾರ,” ಎಂದ.

ಆಕೆ ಕಾಲೆತ್ತಿದಳು. ಕಾರು ಹಿಂದಕ್ಕೆ ಕುಸಿಯಿತು. ಹೆಬ್ಬೆಟ್ಟಿನ ಅಗಲದಷ್ಟು. ಹಿಂದೆ ಎಲ್ಲೋ ಕಿಟಕ್ಕೆಂದು ಒಂದು ಸದ್ದು. ಮೈಲಾರಿ ಎರಡೂ ಕೈಯಿಂದ ಹಿಡಿ ಹಿಡಿದ. ಇನ್ನೇನು ಹೋಯಿತು ಎಂದುಕೊಂಡ. ಹೋಗಲಿಲ್ಲ. ಕ್ಯಾಲಿಪರಿನ ಪ್ಯಾಡುಗಳು ತಟ್ಟೆಯನ್ನು ಕಚ್ಚಿ ಕುಳಿತವು. ಗಾಡಿ ನಿಂತಲ್ಲೇ ನಿಂತಿತ್ತು. ಕೆರೆಯ ಮೇಲಿಂದ ಗಾಳಿ ಬೀಸಿ ಕಿಟಕಿಯೊಳಗೆ ಬಂತು. 

“ಈಗ ಎತ್ರಿ,” ಎಂದಳು ವಿದ್ಯಾಶ್ರೀ ಹಿಂದಿನಿಂದ.

ಸರೋಜವ್ವ ಮೊದಲ ಸಲ ಎತ್ತಲು ಹೋದಾಗ ಇಂಜಿನ್ನು ಆರಿತು. ಆರಿದ ಗಾಡಿಯೂ ಜಾರಲಿಲ್ಲ. ಎರಡನೆಯ ಸಲಕ್ಕೆ ಎಬ್ಬಿಸಿದಳು. ಮೈಲಾರಿ ಹಿಡಿ ಇಳಿಸಿದ. ಕಾರು ಏರಿಯ ನೆತ್ತಿಗೆ ಹತ್ತಿ ಸಮನಾದ ದಾರಿಯಲ್ಲಿ ನಿಂತಿತು. ಅವನ ಬೆರಳುಗಳು ಮಾತ್ರ ಹಿಡಿಯನ್ನು ಬಿಡಲು ಒಪ್ಪಲಿಲ್ಲ; ಇನ್ನೊಂದು ಕೈಯಿಂದ ಬಿಡಿಸಿಕೊಳ್ಳಬೇಕಾಯಿತು. ಸರೋಜವ್ವ ಅದನ್ನು ನೋಡಿ ಸೆರಗು ಬಾಯಿಗೆ ಹಿಡಿದು ನಕ್ಕಳು.

ವಿದ್ಯಾಶ್ರೀ ಇಳಿದು ಬಂದು, ಹಿಡಿಯನ್ನು ತಾನೇ ಒಮ್ಮೆ ಎಳೆದು, ಇಳಿಸಿ ನೋಡಿದಳು. ತಂತಿ ಒಂದು ಹಲ್ಲು ಬಿಗಿ ಮಾಡು ಎಂದು ಅವನಿಗೆ ಹೇಳಿದಳು. ಸರೋಜವ್ವನಿಗೆ ಗಾಡಿ ತಿರುಗಿಸಿರಿ, ಇನ್ನೊಮ್ಮೆ ಹತ್ತೋಣ ಎಂದಳು. ಈ ಸಲ ಎಡಗಡೆಯ ಸೀಟಿನಲ್ಲಿ ತಾನೇ ಕುಳಿತಳು. ಮೈಲಾರಿ ಹಿಂದೆ ಕುಳಿತ.

ಮುಂದಿನ ತಿಂಗಳು ಸರೋಜವ್ವ ಹಾವೇರಿಯಲ್ಲಿ ಪರೀಕ್ಷೆ ಕೊಟ್ಟು ಲೈಸೆನ್ಸು ತೆಗೆದುಕೊಂಡಳು. ಬತ್ತಿದ ಕೈ ಪೂರ್ತಿ ಸರಿಹೋಗಿಲ್ಲ. ಸ್ಟೇರಿಂಗ್ ಹಿಡಿಯಲು ನೋವಿಲ್ಲ, ರೊಟ್ಟಿ ಬಡಿಯಲು ಆಗುವುದಿಲ್ಲ ಎನ್ನುತ್ತಾಳೆ. ಮೈಲಾರಿಯನ್ನು ಕಂಡಾಗಲೆಲ್ಲ ಆ ಮಾತು ಹೇಳುತ್ತಾಳೆ. ಅವನು ಕೇಳಿಸಿಕೊಳ್ಳುತ್ತಾನೆ.

ಮೈಲಾರಿ ಈಗ ಹಾನಗಲ್ಲಿನ ಅದೇ ಶೆಡ್ಡಿನಲ್ಲಿ ಹಳೆಯ ಕಾರು, ಜೀಪುಗಳ ಬ್ರೇಕಿನ ಕೆಲಸವನ್ನಷ್ಟೇ ಮಾಡುತ್ತಾನೆ. ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಿಂದ ಗಾಡಿಗಳು ಬರುತ್ತವೆ. ಹಿಂದಿನ ಡ್ರಮ್ ತೆಗೆದು ಡಿಸ್ಕ್ ಕೂರಿಸಿಕೊಡುತ್ತಾನೆ. ಹ್ಯಾಂಡ್ ಬ್ರೇಕ್ ಬೇಡ ಎನ್ನುವವರ ಗಾಡಿಯನ್ನು ತೆಗೆದುಕೊಳ್ಳುವುದಿಲ್ಲ.